ಸಾಗಣೆ ವೆಚ್ಚ ಸೊನ್ನೆ

ಚಿಕ್ಕಮಗಳೂರು ಜಿಲ್ಲೆಯಿಂದ ಸಮುದ್ರಕ್ಕೆ ಹೋಗುವ ಸರಕು ಯಾವುದು ಎಂದು ಕೇಳಿದರೆ ಮೂರನೇ ಕ್ಲಾಸಿನ ಹುಡುಗನೂ ಕಾಫಿ ಎನ್ನುತ್ತಾನೆ. ಅವನಿಗೆ ಪಾಠ ಹೇಳಿದವರಿಗೂ ಗೊತ್ತಿರುವುದು ಅಷ್ಟೇ, ಪಾಪ. ಆದರೆ ಕಾಫಿ ಕಳಿಸುವುದೇನು ಸುಲಭದ ಕೆಲಸವೆ? ಹಣ್ಣು ಕೊಯ್ಯಿಸಬೇಕು, ಪಲ್ಪರ್‌ಗೆ ಹಾಕಬೇಕು, ಅಕಾಲದ ಮಳೆಗೆ ಹೆದರಿಕೊಂಡು ಕಣದಲ್ಲಿ ಒಣಗಿಸಬೇಕು, ಕ್ಯೂರಿಂಗ್‌ಗೆ ಕಳಿಸಬೇಕು. ಆಮೇಲೆ ಕಾಫಿ ಬೋರ್ಡಿನ ಪರ್ಮಿಟ್ಟು, ಬಂದರಿನ ಕಾಗದಪತ್ರ, ಕಂಟೇನರು. ಇಷ್ಟು ಸಾಲದೆಂದು ಯುರೋಪಿನವರು 2023ರಲ್ಲಿ ಹೊಸದೊಂದು ಕಾನೂನು ಮಾಡಿಕೊಂಡರು. ಬೀಜ ಬೆಳೆದ ತೋಟ ಯಾವ ಅಕ್ಷಾಂಶದಲ್ಲಿದೆ, ಯಾವ ರೇಖಾಂಶದಲ್ಲಿದೆ, ಅಲ್ಲಿ ಕಾಡು ಕಡಿದಿದ್ದೀರೋ ಇಲ್ಲವೋ, ಎಲ್ಲ ಬರೆದುಕೊಡಬೇಕಂತೆ. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ, ಅದು ಬೇರೆ ಮಾತು.

ಇಷ್ಟೆಲ್ಲ ತಾಪತ್ರಯದ ನಡುವೆ, ಪರ್ಮಿಟ್ಟಿಲ್ಲದೆ, ಲಾರಿ ಬಾಡಿಗೆಯಿಲ್ಲದೆ, ಹಮಾಲಿಯ ಕೂಲಿಯಿಲ್ಲದೆ ತಾನಾಗಿಯೇ ಸಮುದ್ರಕ್ಕೆ ಇಳಿದುಹೋಗುವ ನಮ್ಮ ಇನ್ನೊಂದು ಸರಕಿದೆ. ಅದರ ಬಗ್ಗೆ ಯಾರೂ ಒಂದು ಒಳ್ಳೆಯ ಮಾತಾಡುವುದಿಲ್ಲ. ಚಿಪ್ಸಿನ ಪ್ಯಾಕೆಟ್ಟು, ನೀರಿನ ಬಾಟಲಿ, ಪಾನ್ ಮಸಾಲೆಯ ಸ್ಯಾಷೆ, ಶಾಂಪೂ ಸ್ಯಾಷೆ, ಬಫೆ ಊಟದ ಚಮಚ, ಐವತ್ತು ರೂಪಾಯಿಯ ರೈನ್‌ಕೋಟು. ಯಾವ ಅಕ್ಷಾಂಶದಲ್ಲಿ ಎಸೆದಿರಿ ಎಂದು ಯುರೋಪಿನವರೂ ಕೇಳುವುದಿಲ್ಲ, ಗ್ರಾಮ ಪಂಚಾಯಿತಿಯವರೂ ಕೇಳುವುದಿಲ್ಲ. ಪ್ಯಾಕಿಂಗ್ ಖರ್ಚಂತೂ ಇಲ್ಲವೇ ಇಲ್ಲ. ಪ್ಯಾಕಿಂಗೇ ಸರಕು.

ನಮ್ಮ ಮೂಡಿಗೆರೆ, ಕಳಸದ ಸೀಮೆಯನ್ನು ದೇವರು ಈ ವ್ಯಾಪಾರಕ್ಕೆಂದೇ ಮಾಡಿಟ್ಟಂತಿದೆ. ಬೇರೆ ಊರಿನವರು ಎಷ್ಟೇ ಕಸ ಹಾಕಲಿ, ಒಂದು ಸಮುದ್ರಕ್ಕೆ ಮಾತ್ರ ಮುಟ್ಟಿಸಬಲ್ಲರು. ನಾವು ಎರಡಕ್ಕೂ ಸರಬರಾಜು ಮಾಡುತ್ತೇವೆ. ಬಲ್ಲಾಳರಾಯನ ದುರ್ಗದ ಬುಡದ ಜಾವಳಿಯಲ್ಲಿ ಹೇಮಾವತಿ ಹುಟ್ಟಿ ಪೂರ್ವಕ್ಕೆ ಹೋಗುತ್ತಾಳೆ. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟುವ ಭದ್ರೆಯೂ ಪೂರ್ವಕ್ಕೆ. ಅದೇ ಬೆಟ್ಟಸಾಲಿನ ನೇತ್ರಾವತಿ ಮಾತ್ರ ಪಶ್ಚಿಮಕ್ಕೆ ಇಳಿದುಬಿಡುತ್ತಾಳೆ. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿ ಒಂದೇ ಕಾರಿನ ಎಡಗಿಟಕಿಯಿಂದ ಒಬ್ಬ, ಸ್ವಲ್ಪ ಹಿಂದೆ ಕೊಟ್ಟಿಗೆಹಾರದ ಹತ್ತಿರ ಬಲಗಿಟಕಿಯಿಂದ ಇನ್ನೊಬ್ಬ ಎಸೆದರೆ, ಒಬ್ಬನ ಬಾಟಲಿ ಅರಬ್ಬಿ ಸಮುದ್ರಕ್ಕೂ ಇನ್ನೊಬ್ಬನದು ಬಂಗಾಳ ಕೊಲ್ಲಿಗೂ ಟಿಕೆಟ್ ಪಡೆಯುತ್ತವೆ. ಒಂದೇ ಅಂಗಡಿಯಲ್ಲಿ ಕೊಂಡ ಅವಳಿ ಬಾಟಲಿಗಳು ಇಷ್ಟು ದೂರ ಅಗಲುವ ಪ್ರಸಂಗ ಹಳೆಯ ಸಿನಿಮಾಗಳಲ್ಲೂ ಇಲ್ಲ.

ಪಶ್ಚಿಮದ್ದು ಎಕ್ಸ್‌ಪ್ರೆಸ್ ಬಸ್ಸು. ಘಾಟಿಯ ಝರಿಗೆ ಬಿದ್ದರೆ ಮೃತ್ಯುಂಜಯ ಹೊಳೆ, ಅಲ್ಲಿಂದ ನೇತ್ರಾವತಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯ ಜೊತೆ ಸೇರಿಕೊಂಡು ಮಂಗಳೂರು. ನಡುವೆ ತುಂಬೆಯಂಥ ಕಿಂಡಿ ಅಣೆಕಟ್ಟುಗಳಿವೆ, ಆದರೆ ಮಳೆಗಾಲದಲ್ಲಿ ಬಾಗಿಲು ತೆಗೆದಿರುತ್ತಾರೆ. ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ದಾಟಿ ಆಯಿತು. ಪೂರ್ವದ್ದು ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲುವ ಬಸ್ಸು. ಭದ್ರೆಯಲ್ಲಿ ಹೊರಟ ಸ್ಯಾಷೆ ಬಾಳೆಹೊನ್ನೂರು ದಾಟಿ, ಲಕ್ಕವಳ್ಳಿ ಅಣೆಕಟ್ಟಿನಲ್ಲಿ ನಿಂತು, ಕೂಡ್ಲಿಯಲ್ಲಿ ತುಂಗೆಯ ಕೈಹಿಡಿದು, ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳ ಗೇಟುಗಳನ್ನು ಹಾದು ಕಡಲು ಕಾಣಬೇಕು. ಹೇಮಾವತಿಯದಕ್ಕೆ ಗೊರೂರು, ಕನ್ನಂಬಾಡಿ, ಮೆಟ್ಟೂರು. ಬಹಳ ಮಂದಿ ಪ್ರಯಾಣಿಕರು ಅಲ್ಲಲ್ಲೇ ಹೂಳಿನಲ್ಲಿ ಇಳಿದುಬಿಡುತ್ತಾರೆ. ಮಂಡ್ಯದವರಿಗೂ ತಮಿಳುನಾಡಿನವರಿಗೂ ನೀರಿಗಾಗಿ ಆಗುವ ಜಗಳ ಎಲ್ಲರಿಗೂ ಗೊತ್ತು. ಈ ಸರಕಿನಲ್ಲಿ ನಮ್ಮ ಪಾಲೆಷ್ಟು ಎಂದು ಇದುವರೆಗೆ ಯಾವ ರಾಜ್ಯವೂ ನ್ಯಾಯಮಂಡಳಿಯ ಬಾಗಿಲು ತಟ್ಟಿಲ್ಲ.

ಹಿಂದೆ ಇದೇ ಕುದುರೆಮುಖದಿಂದ ಕಬ್ಬಿಣದ ಅದಿರನ್ನು ಮಂಗಳೂರಿಗೆ ಇಳಿಸಲು 67 ಕಿಲೋಮೀಟರ್ ಉದ್ದದ ಕೊಳವೆ ಹಾಕಿದ್ದರು. ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, ಕೊಳವೆಯಲ್ಲಿ ಕಡಲ ದಡಕ್ಕೆ ಕಳಿಸುತ್ತಿದ್ದರು. ಗಣಿಯ ವಿರುದ್ಧ ಹೋರಾಟ ನಡೆದು, ಸುಪ್ರೀಂ ಕೋರ್ಟು ಹೇಳಿ, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನಮ್ಮ ಈಗಿನ ಸರಕನ್ನೂ ಹೊಳೆಯೇ ಕಲ್ಲಿಗೆ ಬಡಿದು, ಬಿಸಿಲೇ ಸುಟ್ಟು, ಪುಡಿ ಮಾಡಿ, ನೀರಿಗೆ ಕಲಸಿ ಕಳಿಸುತ್ತದೆ. ತಂತ್ರಜ್ಞಾನ ಅದೇ. ಕೊಳವೆಯ ಖರ್ಚಿಲ್ಲ, ಆದ್ದರಿಂದ ಹೋರಾಟವೂ ಇಲ್ಲ.

ಪುಡಿಯ ಲೆಕ್ಕವನ್ನೂ ಯಾರೋ ಮಾಡಿದ್ದಾರೆ. ಮಣಿಪಾಲದ ಸಂಶೋಧಕರು ನೇತ್ರಾವತಿಯನ್ನು ಮೇಲಿನಿಂದ ಕಡಲಿನ ತನಕ ಜಾಲಾಡಿ 2020ರಲ್ಲಿ ವರದಿ ಪ್ರಕಟಿಸಿದರು. ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ 288 ಪ್ಲಾಸ್ಟಿಕ್ ಚೂರು. ಹೊಳೆಯ ತಳದ ಒಂದು ಕಿಲೋ ಮಣ್ಣಿನಲ್ಲಿ ಸರಾಸರಿ 96. ಎಳೆ, ಹಾಳೆ, ಹೋಳು, ಎಲ್ಲ ಜಾತಿಯವೂ ಇದ್ದವು. ಇಂಥ ಸಂಖ್ಯೆ ಬೇರೆ ಯಾವ ಬೆಳೆಯಲ್ಲಾದರೂ ಬಂದಿದ್ದರೆ ಕೃಷಿ ಮೇಳದಲ್ಲಿ ಶಾಲು ಹೊದಿಸುತ್ತಿದ್ದರು.

ಚಾರ್ಮಾಡಿಯಲ್ಲಿ ಮಳೆಗಾಲದ ಒಂದು ಭಾನುವಾರ ನಿಂತು ನೋಡಬೇಕು. ಮಂಜು ಎದ್ದಿದೆ. ತಡೆಗೋಡೆಯ ಉದ್ದಕ್ಕೂ ಕಾರುಗಳು ಬಾಲಕ್ಕೆ ಬಾಲ ಸೇರಿಸಿಕೊಂಡು ನಿಂತಿವೆ. ಬಂಡೆಯಿಂದ ನೀರು ಸುರಿಯುವಲ್ಲಿ ಹುಡುಗರು ಅಂಗಿ ಬಿಚ್ಚಿ ಕುಣಿಯುತ್ತಿದ್ದಾರೆ. ಗೋಡೆಯ ಮೇಲೊಂದು ದೊಡ್ಡ ಮಂಗ ಕೂತು ಚಿಪ್ಸ್ ಪ್ಯಾಕೆಟ್ಟಿನ ಅಂಚನ್ನು ಹಲ್ಲಲ್ಲಿ ಕಚ್ಚಿ, ಎರಡೂ ಕೈಯಲ್ಲಿ ಎಳೆದು, ನಮ್ಮ ಮಕ್ಕಳಿಗಿಂತ ಅಚ್ಚುಕಟ್ಟಾಗಿ ಹರಿಯುತ್ತದೆ. ತಿಂದಾದ ಮೇಲೆ ಪ್ಯಾಕೆಟ್ಟನ್ನು ಪ್ರಪಾತಕ್ಕೆ ಬಿಡುತ್ತದೆ. ಕಾರಿನವರು, “ನೋಡೋ, ಮಂಗ ಹೆಂಗೆ ಗಲೀಜು ಮಾಡ್ತೈತೆ” ಎಂದು ವಿಡಿಯೋ ಮಾಡಿಕೊಂಡು ತಮ್ಮ ಬಾಟಲಿಯನ್ನೂ ಅದರ ಹಿಂದೆಯೇ ಬಿಡುತ್ತಾರೆ.

ಪಕ್ಕದಲ್ಲೇ ಬೋರ್ಡಿದೆ. ಪ್ಲಾಸ್ಟಿಕ್ ಬಳಕೆ ಕಡ್ಡಾಯವಾಗಿ ನಿಷೇಧಿಸಲಾಗಿದೆ, ತಪ್ಪಿದಲ್ಲಿ ದಂಡ. ಅಕ್ಷರ ದಪ್ಪ, ಬಣ್ಣ ಚೆಂದ. ಬೋರ್ಡು ಫ್ಲೆಕ್ಸಿನದು. ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಮೆತ್ತಿದ್ದು, ಅಂದರೆ ಅಪ್ಪಟ ಪ್ಲಾಸ್ಟಿಕ್. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು ಹೊರಡಿಸಿದ ನಿಷೇಧದ ಪಟ್ಟಿಯಲ್ಲಿ ಕ್ಯಾರಿಬ್ಯಾಗು, ತಟ್ಟೆ, ಲೋಟ, ಊಟದ ಮೇಜಿನ ಹಾಳೆಯ ಜೊತೆಗೆ ಫ್ಲೆಕ್ಸೂ ಬ್ಯಾನರೂ ಇವೆ. ಹಾಗಾಗಿ ಈ ಬೋರ್ಡು ತನ್ನನ್ನು ತಾನೇ ನಿಷೇಧಿಸಿಕೊಂಡು, ದಂಡವನ್ನೂ ಘೋಷಿಸಿಕೊಂಡು, ನಾಲ್ಕೂ ಮೂಲೆಗೆ ಹಗ್ಗ ಕಟ್ಟಿಸಿಕೊಂಡು ನಿಂತಿದೆ. ಆಷಾಢದ ಗಾಳಿಗೆ ಎರಡು ಮೂಲೆ ಕಿತ್ತಿರುತ್ತದೆ. ಶ್ರಾವಣಕ್ಕೆ ಪೂರ್ತಿ ಕಿತ್ತುಕೊಂಡು ಹೊರಡುತ್ತದೆ. ಪಿವಿಸಿ ಸಮುದ್ರದ ನೀರಿಗಿಂತ ಭಾರ, ತೇಲುವುದಿಲ್ಲ. ನೆಟ್ಟಗೆ ತಳ ಸೇರುತ್ತದೆ. ಕಡಲ ತಳದ ಪ್ರಾಣಿಗಳಿಗೆ ಪ್ಲಾಸ್ಟಿಕ್ ನಿಷೇಧವಾಗಿರುವ ವಿಷಯ ಲಿಖಿತವಾಗಿ ತಿಳಿಯುವುದು ಹೀಗೆ. ಜಿಲ್ಲಾಡಳಿತದ ಸೂಚನೆ ಇಷ್ಟು ಕೆಳಹಂತದವರೆಗೆ ತಲುಪಿದ್ದು ಬೇರೆ ಯಾವ ಯೋಜನೆಯಲ್ಲೂ ಇಲ್ಲ.

ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂಬುದು ಸರಕು ಕಳಿಸುವವರಿಗೆ ಗೊತ್ತಿರಬೇಕಾದ ವಿಷಯ, ಆದ್ದರಿಂದ ಸ್ವಲ್ಪ ಹೇಳುತ್ತೇನೆ. ನೀರಿನ ಬಾಟಲಿ ಪಿಇಟಿಯದು, ಸಮುದ್ರದ ನೀರಿಗಿಂತ ಭಾರ. ಅದರ ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್ಕು, ನೀರಿಗಿಂತ ಹಗುರ. ಮುಚ್ಚಳ ಬಿಗಿದು ಎಸೆದವರ ಬಾಟಲಿ ಗಾಳಿ ತುಂಬಿಕೊಂಡು ತೇಲುತ್ತ ಹೋಗಿ ಯಾವುದಾದರೂ ದಡದಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ಕಾಲೇಜು ಹುಡುಗರು ಕಡಲತೀರ ಸ್ವಚ್ಛತಾ ಅಭಿಯಾನದಲ್ಲಿ ಅದನ್ನು ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಮುಚ್ಚಳ ತೆಗೆದು ಎಸೆದವರ ಬಾಟಲಿಗೆ ನೀರು ಹೊಕ್ಕು ಮುಳುಗುತ್ತದೆ. ಕ್ಯಾರಿಬ್ಯಾಗಿನಂಥ ಹಗುರ ಮಾಲು ಕೆಲವು ಕಾಲ ಮೇಲೇ ಓಡಾಡಿಕೊಂಡಿರುತ್ತದೆ. ಆಮೇಲೆ ಪಾಚಿ ಹಿಡಿಯುತ್ತದೆ, ಚಿಪ್ಪಿನ ಹುಳುಗಳು ಮನೆ ಮಾಡುತ್ತವೆ, ಸಂಸಾರದ ಭಾರ ಏರಿದ ಹಾಗೆ ಅದೂ ಮುಳುಗುತ್ತದೆ. ಪುಡಿಯಾದದ್ದನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವುಗಳ ಹಿಕ್ಕೆಯ ಜೊತೆ ಅದು ಕೆಳಗೆ ಬೀಳುತ್ತದೆ. ಉಳಿದದ್ದನ್ನು ಕಡಲೊಳಗಿನ ಕಂದರಗಳಲ್ಲಿ ಜಾರುವ ಕೆಸರಿನ ಪ್ರವಾಹ ಹೊತ್ತೊಯ್ಯುತ್ತದೆ. ಕೆಳಗೆ ಬಿಸಿಲಿಲ್ಲ, ಬೆಚ್ಚಗಿಲ್ಲ, ಅಲೆಯಿಲ್ಲ. ಪ್ಲಾಸ್ಟಿಕ್ಕನ್ನು ಹಾಳು ಮಾಡುವ ಎಲ್ಲ ದುಷ್ಟಶಕ್ತಿಗಳಿಂದ ದೂರ, ನೆಮ್ಮದಿ. ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಡತಗಳು ಕೂಡ ಇಷ್ಟು ಸುರಕ್ಷಿತವಾಗಿಲ್ಲ.

ಕಡಲ ತಳಕ್ಕೆ ಹೋಗಿ ನೋಡಿ ಬಂದವರಿದ್ದಾರೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕ ಭೂಮಿಯ ಮೇಲಿನ ಅತಿ ಆಳದ ಜಾಗ, ಸುಮಾರು 10,900 ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 1,930 ಮೀಟರಿನ ಮುಳ್ಳಯ್ಯನಗಿರಿಯನ್ನು ಐದು ಸಲ ಒಂದರ ಮೇಲೊಂದು ನಿಲ್ಲಿಸಿ, ಮೇಲೆ ಅರ್ಧ ಗಿರಿ ಇಟ್ಟರೂ ತುದಿ ನೀರಿನಿಂದ ಹೊರಗೆ ಬರುವುದಿಲ್ಲ. 2019ರ ಏಪ್ರಿಲ್ ಕೊನೆಗೆ ಅಮೆರಿಕದ ವಿಕ್ಟರ್ ವೆಸ್ಕೊವೊ ಜಲಾಂತರ ವಾಹನದಲ್ಲಿ ಒಬ್ಬರೇ ಅಲ್ಲಿಗಿಳಿದರು. ಮನುಷ್ಯ ಅಪರೂಪಕ್ಕೆ ಇಳಿಯುವ ಕತ್ತಲಲ್ಲಿ ಅವರಿಗಿಂತ ಮುಂಚೆ ಪ್ಲಾಸ್ಟಿಕ್ ಚೀಲವೂ ಮಿಠಾಯಿಯ ಕಾಗದವೂ ತಲುಪಿ ಕೂತಿದ್ದವು ಎಂದು ಸುದ್ದಿಯಾಯಿತು. ಅದಕ್ಕೂ ಮೊದಲು, 1998ರಲ್ಲಿ, ಜಪಾನಿನವರ ಕ್ಯಾಮರಾ ಅದೇ ಕಂದಕದ 10,898 ಮೀಟರ್ ಆಳದಲ್ಲಿ ಒಂದು ಚೀಲದ ಚಿತ್ರ ತೆಗೆದಿತ್ತು. ಎವರೆಸ್ಟ್ ಹತ್ತಿದವರಿಗೆ ಪದ್ಮಶ್ರೀ ಸಿಕ್ಕಿದ್ದುಂಟು. ಅದಕ್ಕಿಂತ ಎರಡು ಸಾವಿರ ಮೀಟರ್ ಹೆಚ್ಚು ದೂರ ಕೆಳಕ್ಕೆ, ಆಮ್ಲಜನಕವಿಲ್ಲದೆ, ಶೆರ್ಪಾ ಇಲ್ಲದೆ ಇಳಿದ ಕ್ಯಾರಿಬ್ಯಾಗಿಗೆ ಏನೂ ಇಲ್ಲ.

ಇದೇ ಕಂದಕದ ಆರು ಸಾವಿರ ಮೀಟರ್ ಆಳದಲ್ಲಿ ಸೀಗಡಿಯಂಥ ಒಂದು ಪ್ರಾಣಿ ಸಿಕ್ಕಿತು. ವಿಜ್ಞಾನಕ್ಕೆ ಹೊಸದು, ಹೆಸರೇ ಇಡದ ಜೀವ. ಕತ್ತರಿಸಿ ನೋಡಿದರೆ ಅದರ ಹೊಟ್ಟೆಯಲ್ಲಿ ಬಾಟಲಿಯ ಜಾತಿಯದೇ ಪಿಇಟಿ ಎಳೆ. ನ್ಯೂಕಾಸಲ್ ವಿಶ್ವವಿದ್ಯಾಲಯದವರು 2020ರಲ್ಲಿ ಅದಕ್ಕೆ ಯುರಿಥಿನಿಸ್ ಪ್ಲಾಸ್ಟಿಕಸ್ ಎಂದು ನಾಮಕರಣ ಮಾಡಿದರು. ಹುಟ್ಟಿದ ಮೇಲೆ ನಾಮಕರಣ, ಆಮೇಲೆ ಅನ್ನಪ್ರಾಶನ ಎಂಬುದು ನಮ್ಮ ಕ್ರಮ. ಇಲ್ಲಿ ಅನ್ನಪ್ರಾಶನವೇ ಮೊದಲಾಗಿತ್ತು. ಅದೇ ವರ್ಷ ಇಟಲಿಯ ಪಕ್ಕದ ಸಮುದ್ರದ ತಳದಲ್ಲಿ, ಬುಡದ ಪ್ರವಾಹಗಳು ಗುಡಿಸಿ ರಾಶಿ ಹಾಕಿದ ಒಂದು ಜಾಗದಲ್ಲಿ, ಒಂದು ಚದರ ಮೀಟರಿಗೆ 19 ಲಕ್ಷ ಚೂರು ಎಣಿಸಿದರು. ನಮ್ಮ ಪಟ್ಟಣಗಳಲ್ಲಿ ಬೀದಿ ಗುಡಿಸಿ ರಾಶಿ ಮಾಡಿದ್ದನ್ನು ಎತ್ತುವವರು ಬಾರದೆ ಅದು ಅಲ್ಲೇ ಕೂರುತ್ತದಲ್ಲ, ಸಮುದ್ರದಲ್ಲೂ ಅದೇ ಗುತ್ತಿಗೆದಾರರಿರಬೇಕು.

ಮರಿಯಾನಾ ಕಂದಕದ ಆ ಚೀಲ ಕೊಟ್ಟಿಗೆಹಾರದ್ದಲ್ಲ, ಗೊತ್ತು. ಪೆಸಿಫಿಕ್ಕಿಗೆ ಬೇರೆಯವರ ಗುತ್ತಿಗೆ. ನಮಗೆ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿ ಸಾಕು.

ಕಡಲಿಗೆ ಪ್ಲಾಸ್ಟಿಕ್ ಸುರಿಯಲು ಹಡಗೇ ಮುಳುಗಬೇಕು ಎಂದು ಕೆಲವರು ತಿಳಿದಿದ್ದಾರೆ. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೇನರುಗಳ ಸಮೇತ ಮುಳುಗಿತು. ಸಾಬಕ್ಕಿಯಂಥ ಬಿಳಿ ಪ್ಲಾಸ್ಟಿಕ್ ಕಾಳುಗಳು ಕೇರಳದ ದಡದಲ್ಲಿ ಹರಡಿಕೊಂಡವು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು, ಅದೇ ಕಂಪನಿಯ ಇನ್ನೊಂದು ಹಡಗನ್ನು ತಡೆದು ನಿಲ್ಲಿಸಿದರು. ಇಷ್ಟೆಲ್ಲ ಗದ್ದಲ ಯಾಕೆ ಬೇಕಿತ್ತು? ನಮ್ಮಂತೆ ಒಂದೊಂದೇ ಸ್ಯಾಷೆಯಾಗಿ, ಹೊಳೆಯ ಮೂಲಕ, ವಿನಯದಿಂದ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಡೆಗೋಡೆಯ ಮೇಲಿನ ಮಂಗನನ್ನು ಯಾವ ಕೋರ್ಟೂ ಜಪ್ತಿ ಮಾಡಿಲ್ಲ.

ಕಾನೂನಿಲ್ಲವೆ ಎಂದರೆ, ಧಾರಾಳವಾಗಿದೆ. 2016ರ ರಾಜ್ಯದ ನಿಷೇಧದ ಮಾತು ಆಗಲೇ ಹೇಳಿದೆ. 2022ರ ಜುಲೈ 1ರಿಂದ ಕೇಂದ್ರದ್ದೂ ಬಂತು. ಕಿವಿ ಕೆರೆಯುವ ಪ್ಲಾಸ್ಟಿಕ್ ಕಡ್ಡಿ, ಬಲೂನಿನ ಕಡ್ಡಿ, ಐಸ್‌ಕ್ರೀಮ್ ಕಡ್ಡಿ, ಸಿಹಿಡಬ್ಬಿಯ ಮೇಲೆ ಸುತ್ತುವ ಹಾಳೆ, ಪ್ಲಾಸ್ಟಿಕ್ ಬಾವುಟ, ಎಲ್ಲ ನಿಷೇಧ. ಘಾಟಿಯ ಚರಂಡಿಯಲ್ಲಿ ನೀವು ಎಂದಾದರೂ ಕಿವಿಕಡ್ಡಿಯ ರಾಶಿ ನೋಡಿದ್ದೀರಾ? ಚಿಪ್ಸ್ ಪ್ಯಾಕೆಟ್ಟಿಗೂ ನೀರಿನ ಬಾಟಲಿಗೂ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಕ್ಯಾರಿಬ್ಯಾಗು 120 ಮೈಕ್ರಾನಿಗಿಂತ ತೆಳುವಿರಬಾರದು ಎಂದರು; ಅಳೆಯುವ ಯಂತ್ರ ಅಧಿಕಾರಿಯ ಬೀರುವಿನಲ್ಲೂ ಚೀಲ ಸಂತೆಯಲ್ಲೂ ಇವೆ, ಇವರಿಬ್ಬರನ್ನು ಒಂದು ಕಡೆ ಸೇರಿಸುವ ಮುಹೂರ್ತ ಕೂಡಿ ಬರಬೇಕು. ಗುಟ್ಕಾದ ಕತೆ ಇನ್ನೂ ಸೊಗಸು. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದರು. ಈಗ ಪಾನ್ ಮಸಾಲೆ ಒಂದು ಸ್ಯಾಷೆಯಲ್ಲಿ, ತಂಬಾಕು ಇನ್ನೊಂದು ಸ್ಯಾಷೆಯಲ್ಲಿ, ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಂಡರೆ ಆಯಿತು. ನಿಷೇಧಕ್ಕೆ ಮುಂಚೆ ಒಂದು ಸ್ಯಾಷೆ ಬೀಳುತ್ತಿದ್ದ ಜಾಗದಲ್ಲಿ ನಿಷೇಧದ ನಂತರ ಎರಡು ಬೀಳುತ್ತಿವೆ. ಇವಕ್ಕೆಲ್ಲ ಪ್ಲಾಸ್ಟಿಕ್ ಸ್ಯಾಷೆಯೇ ಕೂಡದೆಂದು 2016ರ ಕೇಂದ್ರ ನಿಯಮ ಹೇಳುತ್ತದೆ ಎಂಬುದನ್ನು ಇಲ್ಲಿ ನೆನಪಿಸುವುದು ಸೂಕ್ತವಲ್ಲ.

ಇನ್ನು ಸೋಪು. ತೀರ್ಥಕ್ಷೇತ್ರಗಳ ಹೊಳೆ, ಕೆರೆ, ಪುಷ್ಕರಣಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಎಂದು ಅರಣ್ಯ ಸಚಿವರು 2025ರ ಮಾರ್ಚಿನಲ್ಲಿ ಸೂಚನೆ ಕೊಟ್ಟರು. ಒಳ್ಳೆಯದೇ. ಇನ್ನು ಭಕ್ತಾದಿಗಳು ಸ್ಯಾಷೆಯನ್ನು 501ನೇ ಮೀಟರಿನಲ್ಲಿ ಕೊಂಡು, ಜೇಬಿನಲ್ಲಿಟ್ಟುಕೊಂಡು, ನಡೆದು ಬಂದು ಹರಿಯಬೇಕು. ಆರೋಗ್ಯಕ್ಕೂ ಒಳ್ಳೆಯದು.

ಇಷ್ಟು ಓದಿದ ಮೇಲೆ ನಮ್ಮ ಕಡೆಯವರು ಒಂದು ಮಾತು ಹೇಳಿಯೇ ಹೇಳುತ್ತಾರೆ: “ಎಲ್ಲ ಈ ಬೆಂಗಳೂರವ್ರದ್ದು ಮಾರಾಯ್ರೆ. ನಮ್ಮದೇನಿದೆ ಇದ್ರಲ್ಲಿ?” ಹೇಳುವವರು ಹೋಂಸ್ಟೇ ನಡೆಸುವವರು, ಅವರು ಕೂತು ಮಾತಾಡುವುದು ಬೆಂಗಳೂರಿನವರ ದುಡ್ಡಿನ ಸೋಫಾದಲ್ಲಿ. ಮುಂದೆ ಟೀಪಾಯಿಯ ಮೇಲೆ ಅವರದೇ ತೋಟದ ಕಾಫಿಪುಡಿಯ ಪ್ಯಾಕೆಟ್ಟು ಮಾರಾಟಕ್ಕಿದೆ. ಮೇಲೆ ಮಲಬಾರ್ ಮಂಗಟ್ಟೆಯ ಚಿತ್ರ, ನೆರಳಿನಲ್ಲಿ ಬೆಳೆದದ್ದು, ಪ್ರಕೃತಿಸ್ನೇಹಿ ಎಂಬ ಬರಹ. ಪ್ಯಾಕೆಟ್ಟು ಮೂರು ಪದರದ್ದು, ನಡುವೆ ಅಲ್ಯೂಮಿನಿಯಮ್ಮು, ಮುಂದುಗಡೆ ಗಾಳಿ ಹೊರಹೋಗಲು ಸಣ್ಣ ಪ್ಲಾಸ್ಟಿಕ್ ವಾಲ್ವು. ಗುಜರಿಯವನು ಬಿಯರ್ ಬಾಟಲಿ ತಗೊಳ್ಳುತ್ತಾನೆ, ತುಕ್ಕು ಹಿಡಿದ ಸ್ಪ್ರೇ ಪಂಪು ತಗೊಳ್ಳುತ್ತಾನೆ, ಇದನ್ನು ಮಾತ್ರ ಮುಟ್ಟುವುದಿಲ್ಲ. ಪದರ ಬಿಡಿಸಲು ಬರುವುದಿಲ್ಲ, ಕರಗಿಸಲು ಬರುವುದಿಲ್ಲ. ಹಕ್ಕಿಯ ಚಿತ್ರ ಮಾತ್ರ ಬಹಳ ಕಾಲ ಬಾಳುತ್ತದೆ, ಹಕ್ಕಿಗಿಂತ ಹೆಚ್ಚು.

ತೋಟದೊಳಗೆ ಬನ್ನಿ. ಅಡಿಕೆಗೆ ಕೊಳೆರೋಗ ಬಾರದಂತೆ ಹಿಂದೆ ಕರಡದ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಈಗ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ. ಮಳೆಗೆ ಗೊರಬು, ಕಂಬಳಿಕೊಪ್ಪೆ ಹೋಗಿ ಪ್ಲಾಸ್ಟಿಕ್ ಕೊಪ್ಪೆ ಬಂತು. ಕಾಫಿ ಗಿಡ ಪಾಲಿಥೀನ್ ಚೀಲದಲ್ಲಿ ಹುಟ್ಟುತ್ತದೆ, ಕೊಯ್ಯುವಾಗ ಬುಡಕ್ಕೆ ಪಾಲಿಥೀನ್ ಹಾಸು, ಗೊಬ್ಬರ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ, ಮೆಣಸು ಒಣಗುವುದು ಪ್ಲಾಸ್ಟಿಕ್ ಹಾಳೆಯ ಮೇಲೆ. ಇದರಲ್ಲಿ ತಪ್ಪೆಂದು ಬೈಯಲು ನನಗೆ ಬಾಯಿ ಬರುವುದಿಲ್ಲ. ಕರಡದ ಹುಲ್ಲು ತರುವ ಬ್ಯಾಣವೂ ಇಲ್ಲ, ಕೊಟ್ಟೆ ಹೆಣೆಯುವ ಕೈಯೂ ಇಲ್ಲ, ಹುಲ್ಲಿನದು ಬೇಕೆಂದು ಹಟ ಹಿಡಿದರೆ ಅಡಿಕೆ ನೆಲಕ್ಕೆ ಬೀಳುತ್ತದೆ. ಆದರೆ ಹರಿದ ಕೊಟ್ಟೆ, ಹರಿದ ಹಾಸು ಆಮೇಲೆ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ಯಜಮಾನರು ಎಸ್ಟೇಟಿನ ರೈಟರ್ ಕಡೆ ನೋಡುತ್ತಾರೆ, ರೈಟರ್ ಹಳ್ಳದ ಕಡೆ ನೋಡುತ್ತಾನೆ. ಕೂಲಿ ಲೈನುಗಳ ಹಿಂದಿನ ಗುಂಡಿಯಲ್ಲಿ ತೊಂಬತ್ತು ಎಂಎಲ್‌ನ ಟೆಟ್ರಾ ಪ್ಯಾಕುಗಳು. ಪಂಚಾಯಿತಿಯ ಕಸದ ಗಾಡಿ ಟಾರು ರಸ್ತೆ ಬಿಟ್ಟು ಎಸ್ಟೇಟಿನ ಗೇಟಿನೊಳಗೆ ಬರುವುದಿಲ್ಲ. ಗಾಡಿ ಓಡಿಸುವ ಹೆಣ್ಣುಮಕ್ಕಳು ಬರಲು ತಯಾರಿದ್ದರೂ ಗೇಟಿಗೆ ಬೀಗ. ಒಳಗೆ ನಾಯಿ ಇದೆ ಎಂಬ ಬೋರ್ಡು, ಅದೂ ಫ್ಲೆಕ್ಸಿನದೇ.

ನಮ್ಮ ಮದುವೆಗಳ ವಿಷಯ ಎತ್ತಿದರೆ ನೆಂಟಸ್ತಿಕೆ ಕೆಡುತ್ತದೆ. ಒಂದೇ ಮಾತು: ಬಾಳೆಯೆಲೆ ಬೆಳೆಯುವ ತೋಟದ ನಡುವಿನ ಕಲ್ಯಾಣ ಮಂಟಪದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಬಾಳೆಯೆಲೆ ಹಾಕಿ, ಎಲೆಯ ತುದಿಗೆ ಇನ್ನೂರು ಎಂಎಲ್‌ನ ನೀರಿನ ಬಾಟಲಿ ಇಟ್ಟು ನಾವು ಸಂಸ್ಕೃತಿ ಉಳಿಸುತ್ತಿದ್ದೇವೆ. ಮಲೆನಾಡಿನಲ್ಲಿ, ಬಾವಿಯ ಪಕ್ಕದಲ್ಲಿ, ನೀರನ್ನು ದುಡ್ಡು ಕೊಟ್ಟು ಬಯಲುಸೀಮೆಯಿಂದ ತರಿಸಿ, ಎರಡು ಗುಟುಕು ಕುಡಿದು ಬಿಡುವುದು ಸಣ್ಣ ಅಂತಸ್ತಲ್ಲ.

ಹೀಗೆ ಶೇಖರವಾದದ್ದನ್ನೆಲ್ಲ ಎತ್ತುವ ನಿಜವಾದ ಪುರಸಭೆ ಮಳೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ ಹುಡುಗನೊಬ್ಬ ಖಾಲಿ ಬಾಟಲಿ ಹಿಡಿದುಕೊಂಡು, “ಅಣ್ಣಾ, ಡಸ್ಟ್‌ಬಿನ್ ಎಲ್ಲಿ?” ಎಂದು ಕೇಳಿದ್ದಕ್ಕೆ ಅಂಗಡಿಯವರು ಪ್ರೀತಿಯಿಂದಲೇ ಹೇಳಿದರು: “ಅಲ್ಲೇ ಬಿಡಿ ಸಾರ್, ಮಳೆಗೆ ಹೋಗ್ತದೆ.” ಹೋಗುತ್ತದೆ ಎಂಬುದು ನಿಜ. ಹೋದ ಮೇಲೆ ಊರು ಸ್ವಚ್ಛ. ಕಣ್ಣಿಗೆ ಕಾಣದಷ್ಟು ಇಳಿಜಾರಿಗೆ ಹೋದದ್ದು ಲೋಕದಲ್ಲೇ ಇಲ್ಲ ಎಂಬುದು ಗುಡ್ಡದ ಮೇಲಿನವರ ಸಿದ್ಧಾಂತ. ಜುಲೈನಲ್ಲಿ ಭದ್ರೆ ತುಂಬಿ ಕಳಸ–ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಟಿವಿಯವರು ಬರುತ್ತಾರೆ. ನೀರು ಇಳಿದ ಮೇಲೆ ಯಾರೂ ಬರುವುದಿಲ್ಲ. ಆಗ ಹೋಗಿ ನೋಡಬೇಕು. ಸೇತುವೆಗೆ ಸಿಕ್ಕಿಕೊಂಡ ಬಿದಿರು, ಬೇರುಸಮೇತ ಬಂದ ಮರದ ಕೊಂಬೆ, ಅದರ ಸಂದಿಗೆಲ್ಲ ಹೆಣೆದುಕೊಂಡ ಹರಿದ ಟಾರ್ಪಾಲು, ಒಂದು ಕಾಲಿನ ಚಪ್ಪಲಿ, ಅಡಿಕೆ ಕೊಟ್ಟೆ, ದೇವರ ಪ್ರಸಾದದ ಕವರು, ಕೆಸರು ತುಂಬಿದ ಬಾಟಲಿಗಳು. ಬಾಟಲಿಯ ಲೇಬಲ್ ಹೋಗಿರುತ್ತದೆ, ಯಾವ ಕಂಪನಿಯದೆಂದು ತಿಳಿಯುವುದಿಲ್ಲ. ಸೇತುವೆ ಒಂದೇ ನಮ್ಮ ತಾಲ್ಲೂಕಿನಲ್ಲಿ ಇದನ್ನೆಲ್ಲ ತಡೆಯಲು ಪ್ರಯತ್ನಪಟ್ಟ ಸರ್ಕಾರಿ ಆಸ್ತಿ. ಮಾರನೆಯ ದಿನ ಜೆಸಿಬಿ ಬರುತ್ತದೆ. ಸಂಚಾರಕ್ಕೆ ಅಡ್ಡಿಯೆಂದು ಎಲ್ಲವನ್ನೂ ಬಾಚಿ ಸೇತುವೆಯ ಇನ್ನೊಂದು ಮಗ್ಗುಲಿನಿಂದ ಹೊಳೆಗೇ ತಳ್ಳುತ್ತದೆ.

ದೊಡ್ಡವರು ಸುಮ್ಮನೆ ಕೂತಿಲ್ಲ. ಪ್ಲಾಸ್ಟಿಕ್ ಮಾಲಿನ್ಯಕ್ಕೆ ಜಗತ್ತಿಗೆಲ್ಲ ಒಂದೇ ಒಪ್ಪಂದ ಬೇಕೆಂದು ವಿಶ್ವಸಂಸ್ಥೆಯವರು 2022ರಲ್ಲಿ ನೈರೋಬಿಯಲ್ಲಿ ತೀರ್ಮಾನಿಸಿದರು. 2024ರ ಕೊನೆಗೆ ಬೂಸಾನಿನಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ಪ್ಲಾಸ್ಟಿಕ್ ಮಾಡುವುದನ್ನೇ ಕಡಿಮೆ ಮಾಡೋಣ ಎಂದು ಒಂದು ಗುಂಪು, ಮಾಡುವುದಿರಲಿ, ಎತ್ತುವುದರ ಬಗ್ಗೆ ಮಾತಾಡಿ ಎಂದು ಎಣ್ಣೆ ದೇಶಗಳ ಇನ್ನೊಂದು ಗುಂಪು. ಮತ್ತೆ ಜಿನೀವಾದಲ್ಲಿ ಸೇರಿ, ರಾತ್ರಿಯೆಲ್ಲ ಮಾತಾಡಿ, 2025ರ ಆಗಸ್ಟ್ 15ರ ಬೆಳಿಗ್ಗೆ ಒಪ್ಪಂದವಿಲ್ಲದೆ ಎದ್ದು ಹೋದರು. ಆ ದಿನ ನಮಗೆ ಸ್ವಾತಂತ್ರ್ಯ ದಿನಾಚರಣೆ, ಶುಕ್ರವಾರ. ಹಿಂದೆಯೇ ಶನಿವಾರ, ಭಾನುವಾರ. ಮೂರು ದಿನ ಸಾಲು ರಜೆ ಬಂದರೆ ಚಿಕ್ಕಮಗಳೂರಿನ ರಸ್ತೆಗಳು ಹೇಗಿರುತ್ತವೆ ಎಂಬುದನ್ನು ಜಿನೀವಾದವರಿಗೆ ಯಾರಾದರೂ ಮೊದಲೇ ಹೇಳಿದ್ದರೆ, ಒಂದು ಸೋಮವಾರದ ತನಕವಾದರೂ ಮಾತುಕತೆ ಎಳೆಯುತ್ತಿದ್ದರೋ ಏನೋ.

ಭಾರತವೂ ಕಡಲ ತಳಕ್ಕೆ ಹೊರಟಿದೆ. 2021ರಲ್ಲಿ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಗೆ ಒಪ್ಪಿಗೆಯಾಯಿತು. ಮೂವರನ್ನು ಕೂರಿಸಿಕೊಂಡು 6,000 ಮೀಟರ್ ಕೆಳಗಿಳಿಯುವ ಮತ್ಸ್ಯ 6000 ಎಂಬ ವಾಹನ ತಯಾರಾಗುತ್ತಿದೆ. ಹಿಂದೂ ಮಹಾಸಾಗರದ ನಡುವೆ ಲೋಹದ ಉಂಡೆಗಳಿವೆಯಂತೆ, ಅವನ್ನು ಎತ್ತಬೇಕು. ಮತ್ಸ್ಯಾವತಾರ ಕಡಲಿಗಿಳಿದು ವೇದ ತಂದಿತ್ತು. ಈ ಮತ್ಸ್ಯ ಏನು ತರುತ್ತದೋ ನೋಡೋಣ. ಹೆಡ್‌ಲೈಟಿನ ಬೆಳಕಿನಲ್ಲಿ ಮೂವರು ವಿಜ್ಞಾನಿಗಳು ಉಸಿರು ಬಿಗಿಹಿಡಿದು ನೋಡುವಾಗ ತಳದ ಕೆಸರಿನಲ್ಲಿ ಕನ್ನಡ ಅಕ್ಷರ ಕಂಡರೆ ಹೆದರಬಾರದು ಎಂದು ತರಬೇತಿಯಲ್ಲೇ ಹೇಳಿಕೊಡುವುದು ಒಳ್ಳೆಯದು.

ಮತ್ತೆ ಕಾಫಿಗೆ ಬಂದರೆ, ಚಿಕ್ಕಮಗಳೂರಿನ ಅರೇಬಿಕಾಕ್ಕೂ ಬಾಬಾಬುಡನ್‌ಗಿರಿಯ ಅರೇಬಿಕಾಕ್ಕೂ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಇಂಥ ಮಣ್ಣಿನದೇ ಎಂಬ ಗುರುತು. ಅದೂ ಅರಬ್ಬಿ ಕಡಲಿನಾಚೆಯಿಂದ ಬಂದ ಬೆಳೆ. ಯೆಮೆನ್‌ನಿಂದ ಬಾಬಾಬುಡನ್ ಏಳು ಬೀಜ ತಂದರೆಂಬ ಐತಿಹ್ಯ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಏಳೇ ಬೀಜದ ಸಾಲಕ್ಕೆ ನಾವು ಆ ಕಡಲಿಗೆ ಎಷ್ಟು ಬಡ್ಡಿ ಕಟ್ಟಿದ್ದೇವೆಂದು ಲೆಕ್ಕ ಹಾಕಿದರೆ ಯಾವ ಸಹಕಾರಿ ಸಂಘವೂ ನಾಚಬೇಕು, ಅಸಲು ಇನ್ನೂ ಹಾಗೆಯೇ ಇದೆ.

ಜೂನ್ 5 ಹತ್ತಿರ ಬಂದರೆ ಪರಿಸರ ದಿನಾಚರಣೆಯ ಪೂರ್ವಭಾವಿ ಸಭೆಗಳು ಶುರು. ನಾನು ಕಂಡ ಒಂದು ಸಭೆಯಲ್ಲಿ ಚರ್ಚೆ ಬಿಸಿಯಾಗಿತ್ತು. ಸ್ವಾಗತದ ಫ್ಲೆಕ್ಸು ಹತ್ತು ಅಡಿಯದೋ ಇಪ್ಪತ್ತು ಅಡಿಯದೋ, ಅದರಲ್ಲಿ ಯಾರ ಫೋಟೋ ಮೇಲೆ, ಯಾರದು ಕೆಳಗೆ. ವೇದಿಕೆಯ ಗಣ್ಯರಿಗೆ ಒಂದು ಲೀಟರಿನ ಬಾಟಲಿ, ಸಭಿಕರಿಗೆ ಇನ್ನೂರು ಎಂಎಲ್‌ನದು ಎಂದು ತೀರ್ಮಾನವಾಯಿತು. ನೆಡುವ ಗಿಡಗಳು ಪಾಲಿಥೀನ್ ಚೀಲದಲ್ಲಿ ಬರುತ್ತವೆ, ಚೀಲ ಹರಿದು ನೆಡುವುದು, ಚೀಲವನ್ನು ಸಂಬಂಧಪಟ್ಟವರು ನೋಡಿಕೊಳ್ಳುವುದು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ಎಲ್ಲ ಸರಿ, ಕಾರ್ಯಕ್ರಮ ಮುಗಿದ ಮೇಲೆ ಕಸ ಎತ್ತುವುದು ಯಾರು, ಅದನ್ನೂ ನಡಾವಳಿಯಲ್ಲಿ ಬರೆಯಿರಿ ಎಂದರು. ಅಧ್ಯಕ್ಷತೆ ವಹಿಸಿದ್ದವರು ಕಿಟಕಿಯಾಚೆ ನೋಡಿದರು. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. “ಹವಾಮಾನ ಇಲಾಖೆಯವರು ಆರನೇ ತಾರೀಕಿಗೆ ಮುಂಗಾರು ಅಂತ ಹೇಳಿದಾರೆ. ಮುಂದಿನ ವಿಷಯ ತಗೊಳ್ಳಿ” ಎಂದರು.